‘ಮೊದಲಿನ ಹಾಗೆ ಎಳೆಯಲ್ಲ’: ರೋಡ್‌ಕಿಂಗ್ ಮಾಲೀಕರ ನೆನಪಿನಿಂದ ದೋಷ ಹುಡುಕುವುದು

ಯೆಜ್ಡಿ ರೋಡ್‌ಕಿಂಗ್ ಬೈಕ್ ಇಟ್ಟುಕೊಂಡವರ ದೂರು ಹೆಚ್ಚುಕಮ್ಮಿ ಒಂದೇ. "ಗಾಡಿ ಮೊದಲಿನ ಹಾಗೆ ಎಳೆಯಲ್ಲ." ಮೊದಲು ಅಂದರೆ ಯಾವಾಗ ಅಂತ ಕೇಳಿ ನೋಡಿ. ಕಾಲೇಜಿಗೆ ಹೋಗುತ್ತಿದ್ದಾಗ, ಮದುವೆಗೆ ಮುಂಚೆ, ಅಪ್ಪ ಓಡಿಸುತ್ತಿದ್ದಾಗ, ಇಂಥ ಉತ್ತರ ಬರುತ್ತದೆ. ಮೆಕ್ಯಾನಿಕ್ ನಕ್ಕು ಸುಮ್ನಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚುತ್ತಾನೆ. ಅಲ್ಲೇ ದಾರಿ ತಪ್ಪುವುದು. ಆ ನೆನಪನ್ನೇ ಸರಿಯಾಗಿ ವಿಚಾರಿಸಿದರೆ ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ವಿಚಾರಿಸಲು ಒಂದು ಕ್ರಮವಿದೆ. ಗಾಡಿ ಎಷ್ಟು ಓಡುತ್ತಿತ್ತು ಅನ್ನುವುದನ್ನು ನಂಬಬೇಡಿ. ಯಾವಾಗ, ಎಲ್ಲಿ, ಯಾವ ಗೇರ್‌ನಲ್ಲಿ, ಇಂಜಿನ್ ಬಿಸಿಯಾದ ಮೇಲೋ ಅದಕ್ಕೆ ಮುಂಚೆಯೋ ಅನ್ನುವುದನ್ನು ಪೂರ್ತಿ ನಂಬಿ. ಸ್ಪೀಡಿನ ಲೆಕ್ಕ ವರ್ಷಕ್ಕೊಮ್ಮೆ ಐದೈದು ಕಿಲೋಮೀಟರ್ ಬೆಳೆಯುತ್ತಾ ಹೋಗುತ್ತದೆ. ಆದರೆ "ಘಾಟಿ ಹತ್ತುವಾಗ ಅರ್ಧದಲ್ಲಿ ಕೈ ಕೊಡುತ್ತದೆ, ಹತ್ತು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ" ಅನ್ನುವ ಮಾತಿಗೆ ಯಾರೂ ಬಣ್ಣ ಹಚ್ಚುವುದಿಲ್ಲ. ದೋಷದ ಸುಳಿವು ಇರುವುದು ಇಂಥ ಮಾತಿನಲ್ಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಮಾಡಲು ಶುರುಮಾಡಿತು. ಮೊದಲು ಜಾವಾ ಹೆಸರಿನಲ್ಲಿ, 70ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 250 ಸಿಸಿ ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ನಾಲ್ಕು ಗೇರ್, 16 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಆದರೆ ಆಗಿನ ರಸ್ತೆಯಲ್ಲಿ ಇದನ್ನು ಹಿಂದಿಕ್ಕುವ ಗಾಡಿಗಳು ಕಡಿಮೆ ಇದ್ದವು. 1983ರಲ್ಲಿ ರಾಜ್‌ದೂತ್ 350 ಬರುವ ತನಕ ಹುಡುಗರ ಕಣ್ಣು ಇದರ ಮೇಲೇ. 1996ಕ್ಕೆ ಕಾರ್ಖಾನೆ ಮುಚ್ಚಿತು. ಹಾಗಾಗಿ ಈಗ ರಸ್ತೆಯಲ್ಲಿರುವ ಅತಿ ಹೊಸ ಹಳೇ ಯೆಜ್ಡಿಗೂ ಮೂವತ್ತರ ಆಸುಪಾಸಿನ ವಯಸ್ಸು. 2022ರಲ್ಲಿ ಯೆಜ್ಡಿ ಹೆಸರಿನಲ್ಲೇ ಬಂದ ಫೋರ್ ಸ್ಟ್ರೋಕ್ ಗಾಡಿಗೂ ಈ ಬರಹಕ್ಕೂ ಸಂಬಂಧ ಇಲ್ಲ.

ಮೊದಲು ಮಾಲೀಕರನ್ನು ಪರೀಕ್ಷೆ ಮಾಡಿ

ತಮಾಷೆಗೆ ಹೇಳುತ್ತಿಲ್ಲ. ಗಾಡಿಯಲ್ಲಿ ಏನೂ ದೋಷ ಇಲ್ಲದೆ ಬರುವ ದೂರುಗಳೂ ಇವೆ.

ಗಾಡಿ ಆಗ ಎಲ್ಲಿ ಓಡುತ್ತಿತ್ತು, ಈಗ ಎಲ್ಲಿದೆ ಅಂತ ಕೇಳಿ. ಮಂಗಳೂರಿನಲ್ಲಿ ಓಡಿಸಿದ ಗಾಡಿಯನ್ನು ಬೆಂಗಳೂರಿಗೆ ತಂದರೆ ಅದು ಎಳೆಯುವುದು ಕಡಿಮೆ ಆಗಲೇಬೇಕು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಹತ್ತು ಪರ್ಸೆಂಟ್‌ನಷ್ಟು ತೆಳು. ಇಂಜಿನ್‌ನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಮಡಿಕೇರಿ 1,100 ಮೀಟರ್ ದಾಟುತ್ತದೆ, ಅಲ್ಲಿ ಇನ್ನೂ ಕಡಿಮೆ. ಕಾರ್ಬುರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿಗೆ ಜೆಟ್ ಅನ್ನುತ್ತಾರೆ. ಕರಾವಳಿಯಲ್ಲಿ ಸರಿಯಾಗಿದ್ದ ಜೆಟ್ ಘಟ್ಟದ ಮೇಲೆ ಬಂದಾಗ ಪೆಟ್ರೋಲ್ ಜಾಸ್ತಿ ಕೊಟ್ಟಂತಾಗುತ್ತದೆ. ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ, ಗಾಡಿ ಮಂಕಾಗುತ್ತದೆ. ಇದಕ್ಕೆ ಒಂದು ಸೈಜ್ ಚಿಕ್ಕ ಮೇನ್ ಜೆಟ್ ಸಾಕು, ಸಿಲಿಂಡರ್ ಕೊರೆಸಿ ಬೋರ್ ಹೊಡೆಸುವುದು ಬೇಡ.

ಆಮೇಲೆ, ನಡುವೆ ಯಾವ ಗಾಡಿ ಓಡಿಸಿದಿರಿ ಅಂತ ಕೇಳಿ. ಹದಿನೈದು ವರ್ಷ ಕಾರು ಓಡಿಸಿ ಷೆಡ್‌ನಿಂದ ಯೆಜ್ಡಿ ಹೊರಗೆ ತಂದವರಿಗೆ ಬ್ರೇಕ್ ಕೂಡ ಹಾಳಾಗಿದೆ ಅನ್ನಿಸುತ್ತದೆ. ಡ್ರಮ್ ಬ್ರೇಕ್ ಆಗಲೂ ಅಷ್ಟೇ ಇತ್ತು ಸ್ವಾಮಿ. ತೂಕವನ್ನೂ ಕೇಳಬೇಕು, ಸ್ವಲ್ಪ ನಾಜೂಕಾಗಿ. ಆಗ ಅರವತ್ತು ಕೆಜಿ ಇದ್ದವರು ಈಗ ತೊಂಬತ್ತು ಇದ್ದರೆ, 16 ಅಶ್ವಶಕ್ತಿಯ ಗಾಡಿಗೆ ಅದು ಗೊತ್ತಾಗದೇ ಇರುತ್ತಾ?

ಕೇಳಬೇಕಾದ ಇನ್ನೊಂದು ವಿಷಯ ಶಬ್ದದ್ದು. ಆ ಕಾಲದಲ್ಲಿ ಎಷ್ಟೋ ಹುಡುಗರು ಸೈಲೆನ್ಸರ್ ಒಳಗೆ ಶಬ್ದ ತಗ್ಗಿಸುವ ಬ್ಯಾಫಲ್ ಕಿತ್ತು ಬಿಸಾಕಿ ಓಡಿಸುತ್ತಿದ್ದರು. ಶಬ್ದ ಜೋರಾದರೆ ಗಾಡಿಯೂ ಜೋರಾಗಿ ಹೋದಂತೆ ಭಾಸವಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಇಂಜಿನ್‌ನ ಒಂದು ಭಾಗ ಇದ್ದಂತೆ. ಬ್ಯಾಫಲ್ ತೆಗೆದರೆ ಕಡಿಮೆ ಸ್ಪೀಡಿನಲ್ಲಿನ ಎಳೆತ ನಿಜಕ್ಕೂ ಕಡಿಮೆಯೇ ಆಗುತ್ತದೆ. ಈಗ ರಿಸ್ಟೋರ್ ಮಾಡುವಾಗ ಬ್ಯಾಫಲ್ ವಾಪಸ್ ಹಾಕಿಸಿ, "ಗಾಡಿ ಸತ್ತುಹೋಯಿತು" ಅನ್ನುವವರಿದ್ದಾರೆ. ಸತ್ತದ್ದು ಶಬ್ದ ಮಾತ್ರ.

ಇವೆಲ್ಲ ದಾಟಿಯೂ ದೂರು ನಿಂತಿದ್ದರೆ ಆಗ ಗಾಡಿಯ ಕಡೆ ತಿರುಗಿ.

ಕಾಲು ಎಲ್ಲಿದೆ ನೋಡಿ

ಇದನ್ನು ಮೊದಲೇ ಹೇಳುತ್ತೇನೆ. ಖರ್ಚಿಲ್ಲದ ಪರೀಕ್ಷೆ ಇದು, ಬೇರೆ ಗಾಡಿಗಳಿಂದ ಬಂದ ಮೆಕ್ಯಾನಿಕ್‌ಗಳಿಗೆ ಹೊಳೆಯುವುದೂ ಇಲ್ಲ.

ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರ್ ಮತ್ತು ಕಿಕ್ ಲಿವರ್ ಒಂದೇ. ಅದೇ ಲಿವರ್ ಕ್ಲಚ್ಚನ್ನೂ ಬಿಡಿಸುತ್ತದೆ. ಗೇರ್ ಹಾಕಲು ಲಿವರ್ ಒತ್ತಿದ ಕೂಡಲೇ, ಕೈಯಲ್ಲಿ ಕ್ಲಚ್ ಹಿಡಿಯದಿದ್ದರೂ ಒಳಗೆ ಕ್ಲಚ್ ಬಿಡುತ್ತದೆ. ಹಳಬರು ಕ್ಲಚ್ ಹಿಡಿಯದೆ ಗೇರ್ ಬದಲಿಸುತ್ತಾ ಊರೆಲ್ಲ ಸುತ್ತುತ್ತಿದ್ದದ್ದು ಇದರಿಂದಲೇ. ಈಗಿನ ಗಾಡಿ ಓಡಿಸಿ ಅಭ್ಯಾಸ ಇರುವವರು ಎಡಗಾಲನ್ನು ಗೇರ್ ಲಿವರ್ ಮೇಲೆ ಇಟ್ಟೇ ಕೂರುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಕ್ಲಚ್ ಅರ್ಧ ಬಿಟ್ಟ ಹಾಗೆ. ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಮೈಸೂರಿನ ರಿಟೈರ್ಡ್ ಮೇಷ್ಟ್ರೊಬ್ಬರ ಗಾಡಿಯಲ್ಲಿ ಇದೇ ಆಗಿತ್ತು. "ನಾನು ಓಡಿಸಿದರೆ ಚೆನ್ನಾಗಿಯೇ ಹೋಗುತ್ತಪ್ಪ, ಮಗ ಓಡಿಸಿದರೆ ಮಾತ್ರ ಎಳೆಯಲ್ಲ" ಅಂದರು. ಮಗನಿಗೆ ಸಿಟ್ಟು. "ಅಪ್ಪ ನಲವತ್ತರಲ್ಲಿ ಹೋಗ್ತಾರೆ ಸಾರ್, ಅದಕ್ಕೆ ಅವರಿಗೆ ಗೊತ್ತಾಗಲ್ಲ." ಮಗನನ್ನೇ ಕೂರಿಸಿ ಹಿಂದಿನಿಂದ ನೋಡಿದೆವು. ಶೂ ತುದಿ ಲಿವರ್ ಮೇಲೇ ಇತ್ತು. ಕಾಲು ಫುಟ್‌ರೆಸ್ಟ್‌ಗೆ ಇಳಿದ ಕೂಡಲೇ ಗಾಡಿ ಹೊರಟಿತು.

ಓಡಿಸುವವರ ಕಾಲು ಸರಿಯಾಗಿಯೇ ಇದ್ದರೆ ಲಿವರ್‌ಗೂ ಕ್ಲಚ್‌ಗೂ ನಡುವಿನ ಅಡ್ಜಸ್ಟ್‌ಮೆಂಟ್ ನೋಡಿ. ಅದು ತೀರಾ ಬಿಗಿಯಾಗಿದ್ದರೆ ಯಾರೂ ಮುಟ್ಟದೆಯೇ ಕ್ಲಚ್ ಜಾರುತ್ತದೆ. ಲಿವರ್‌ನಲ್ಲೂ ಹ್ಯಾಂಡಲ್‌ನ ಕ್ಲಚ್‌ನಲ್ಲೂ ಸ್ವಲ್ಪ ಆಟ ಇರಬೇಕು. ನಾಲ್ಕನೇ ಗೇರ್‌ನಲ್ಲಿ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿ. ಶಬ್ದ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಿದೆ. ಶಬ್ದವೂ ಏರದೆ ಸ್ಪೀಡೂ ಏರದಿದ್ದರೆ ದೋಷ ಇಂಜಿನ್ ಕಡೆ.

ಎರಡು ಕೈ, ಎರಡು ಸೈಲೆನ್ಸರ್

"ಸ್ಟಾರ್ಟಿಂಗ್ ಚೆನ್ನಾಗಿದೆ, ಐಡಲಿಂಗ್ ಚೆನ್ನಾಗಿದೆ, ಅರವತ್ತರ ಮೇಲೆ ಹೋಗಲ್ಲ. ಯಾವಾಗಿಂದ ಅಂತ ಹೇಳೋಕಾಗಲ್ಲ, ನಿಧಾನಕ್ಕೆ ಹೀಗಾಯಿತು." ಈ ದೂರಿನಲ್ಲಿ ಮುಖ್ಯವಾದದ್ದು ಕೊನೆಯ ಮಾತು. ಒಂದೇ ದಿನದಲ್ಲಿ ಆದ ದೋಷ ಬೇರೆ, ತಿಂಗಳುಗಟ್ಟಲೆ ಏರಿದ ದೋಷ ಬೇರೆ. ನಿಧಾನಕ್ಕೆ ಬರುವುದು ಬಹುಪಾಲು ಕಾರ್ಬನ್, ಅಂದರೆ ಎಣ್ಣೆ ಸುಟ್ಟು ಕಟ್ಟುವ ಮಸಿ.

ಈ ಗಾಡಿಯಲ್ಲಿ ಒಂದು ಅನುಕೂಲ ಇದೆ. ಒಂದೇ ಸಿಲಿಂಡರ್‌ನಿಂದ ಎರಡು ಪೈಪ್ ಹೊರಡುತ್ತವೆ. ಎರಡರಲ್ಲೂ ಹೊಗೆ ಒಂದೇ ಒತ್ತಡದಲ್ಲಿ ಬರಬೇಕು. ಗಾಡಿ ಸ್ಟಾರ್ಟ್ ಮಾಡಿ ಐಡಲಿಂಗ್‌ನಲ್ಲಿ ಬಿಡಿ. ಹಿಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈಗಳನ್ನು ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಒಂದು ಕೈಗೆ ಹೊಡೆತ ತಪ್ ತಪ್ ಎಂದು ಸ್ಪಷ್ಟವಾಗಿ ಬಡಿದು, ಇನ್ನೊಂದಕ್ಕೆ ಬರೀ ಬೆಚ್ಚಗಿನ ಗಾಳಿ ತಾಗಿದರೆ, ಆ ಕಡೆಯ ಪೈಪ್ ಅಥವಾ ಪೋರ್ಟ್ (ಸಿಲಿಂಡರ್‌ನಿಂದ ಹೊಗೆ ಹೊರಬೀಳುವ ತೂತು) ಕಟ್ಟಿದೆ. ಎರಡೂ ಕಡೆ ಮಂದವಾಗಿದ್ದರೆ ಎರಡೂ ಕಟ್ಟಿವೆ. ಅಂಗೈಗೆ ಕಪ್ಪು ಎಣ್ಣೆ ಹನಿ ಹಾರಿದರೆ ಅದನ್ನೂ ಗಮನಿಸಿ, ಮುಂದೆ ಬೇಕಾಗುತ್ತದೆ.

ಬ್ಯಾಫಲ್ ಎಳೆದು ನೋಡಿ. ತೂತುಗಳು ಮುಚ್ಚಿ, ಟಾರಿನಂಥ ಅಂಟು ಹಿಡಿದಿರುತ್ತದೆ. ಹಳೇ ಗ್ಯಾರೇಜುಗಳಲ್ಲಿ ಇದನ್ನು ಬೆಂಕಿಗೆ ಹಾಕಿ ಸುಡಿಸುತ್ತಾರೆ. ಬ್ಯಾಫಲ್‌ಗೆ ಅದು ಪರವಾಗಿಲ್ಲ. ಪೂರ್ತಿ ಸೈಲೆನ್ಸರ್ ಬೆಂಕಿಗೆ ಹಾಕಿದರೆ ಕ್ರೋಮ್ ಹೋಗುತ್ತದೆ, ಮತ್ತೆ ಕ್ರೋಮ್ ಮಾಡಿಸುವ ಖರ್ಚು ಬೇರೆ. ಕಾಸ್ಟಿಕ್ ಸೋಡಾ ನೀರು ತುಂಬಿ ಒಂದು ರಾತ್ರಿ ಇಡುವುದು ಕ್ಷೇಮ. ಕೈಗೆ ಗ್ಲೋವ್ಸ್, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬಾರದಿರಲಿ.

ಸೈಲೆನ್ಸರ್ ಶುಚಿಯಾದ ಮೇಲೂ ಹಾಗೇ ಇದ್ದರೆ ಅದನ್ನು ಇಂಜಿನ್‌ಗೆ ಸೇರಿಸುವ ಬೆಂಡ್ ಪೈಪ್ ಬಿಚ್ಚಿ ಪೋರ್ಟ್ ಒಳಗೆ ಟಾರ್ಚ್ ಬಿಡಿ. ರುಪಾಯಿ ನಾಣ್ಯದಷ್ಟು ದಪ್ಪಕ್ಕೆ ಕಾರ್ಬನ್ ಕಟ್ಟಿದ್ದನ್ನು ನೋಡಿದ್ದೇನೆ. ಪಿಸ್ಟನ್ ಕೆಳಕ್ಕೆ ಇಳಿಸಿ, ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ. ಪೋರ್ಟ್ ಅಂಚಿಗೆ ಗೀರು ಬಿದ್ದರೆ ಮುಂದೆ ಪಿಸ್ಟನ್ ರಿಂಗನ್ನು ತಿನ್ನುತ್ತದೆ.

ಬಿಸಿಯಾದ ಮೇಲೆ ಕೈ ಕೊಡುವ ಗಾಡಿ

ನನಗೆ ಇಷ್ಟದ ದೂರು ಇದು. ಕೇಳಲು ಒಂದೇ ತರಹ ಇರುತ್ತದೆ, ಕಾರಣ ಮೂರು ಇರಬಹುದು. ಗಾಡಿ ಚೆನ್ನಾಗಿ ಹೊರಡುತ್ತದೆ. ಅರ್ಧ ಗಂಟೆ ಆದ ಮೇಲೆ ನಿಲ್ಲುತ್ತದೆ. ಮರದ ನೆರಳಲ್ಲಿ ಎಳನೀರು ಕುಡಿದು ಬರುವಷ್ಟರಲ್ಲಿ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಮಾಲೀಕರು ಇದನ್ನು ಯಾತ್ರೆಯ ಕತೆಯಂತೆ ಹೇಳುತ್ತಾರೆ. ಹೇಳಲಿ ಬಿಡಿ. ನಿಂತದ್ದು ಹೇಗೆ ಅನ್ನುವ ಜಾಗಕ್ಕೆ ಬಂದಾಗ ಮಾತ್ರ ತಡೆದು ಕೇಳಿ: ಸ್ವಿಚ್ ಆಫ್ ಮಾಡಿದ ಹಾಗೆ ನಿಂತಿತೇ, ಕೆಮ್ಮಿ ಕೆಮ್ಮಿ ನಿಂತಿತೇ, ಯಾರೋ ಹಿಂದಿನಿಂದ ಬ್ರೇಕ್ ಹಿಡಿದ ಹಾಗೆ ನಿಂತಿತೇ?

ಕೆಮ್ಮಿ ನಿಂತಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಆಡುವ ಸಣ್ಣ ತೂತು ಇರುತ್ತದೆ. ಅದು ಕಟ್ಟಿದರೆ ಪೆಟ್ರೋಲ್ ಇಳಿದಂತೆ ಒಳಗೆ ನಿರ್ವಾತ ಹುಟ್ಟಿ, ಕೊನೆಗೆ ಇಳಿಯುವುದೇ ನಿಲ್ಲುತ್ತದೆ. ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ‘ಸ್ಸ್’ ಅಂತ ಗಾಳಿ ಒಳಗೆ ನುಗ್ಗಿದ ಶಬ್ದ ಬಂದು, ಗಾಡಿ ತಕ್ಷಣ ಸ್ಟಾರ್ಟ್ ಆದರೆ ಕೆಲಸ ಮುಗಿಯಿತು. ಎಳನೀರಿಗೆ ನಿಂತಾಗ ಸರಿಹೋಗುತ್ತಿದ್ದದ್ದು ಯಾಕೆ ಅಂದರೆ, ಅಷ್ಟು ಹೊತ್ತಿಗೆ ಗಾಳಿ ನಿಧಾನವಾಗಿ ಒಳಗೆ ಸೇರಿರುತ್ತದೆ. ಇಂಜಿನ್ ತಣಿಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮುಚ್ಚಳದ್ದಲ್ಲವಾದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್‌ನ ಜಾಲರಿ ನೋಡಿ. ಹಳೇ ಟ್ಯಾಂಕ್‌ನ ತುಕ್ಕಿನ ಪುಡಿ ಅಲ್ಲೇ ಸೇರುತ್ತದೆ.

ಸ್ವಿಚ್ ಆಫ್ ಮಾಡಿದಂತೆ ನಿಂತಿದ್ದರೆ ಕರೆಂಟ್ ಹೋಗಿದೆ. ಬಿಸಿಗೆ ಕೈ ಕೊಡುವುದು ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಅಥವಾ ಪ್ಲಗ್‌ಗೆ ಕರೆಂಟ್ ಹೆಚ್ಚಿಸಿ ಕೊಡುವ ಇಗ್ನಿಷನ್ ಕಾಯಿಲ್. ಬಲಗಡೆಯ ಕವರ್ ತೆಗೆದು ಕಿಕ್ ಹೊಡೆಯುವಾಗ ಪಾಯಿಂಟ್ (ಸ್ಪಾರ್ಕ್‌ಗಾಗಿ ಕರೆಂಟ್ ಕತ್ತರಿಸಿ ಕೂಡಿಸುವ ಸ್ವಿಚ್) ನೋಡಿ, ಸಂಜೆ ಹೊತ್ತಿನಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಪಾಯಿಂಟ್ ತೆರೆಯುವಾಗ ಸಣ್ಣ ನೀಲಿ ಮಿಣುಕು ಇದ್ದರೆ ಸರಿ. ದೊಡ್ಡ ಹಳದಿ ಕಿಡಿ ಹಾರಿದರೆ ಕಂಡೆನ್ಸರ್ ಸತ್ತಿದೆ. ಸತ್ತ ಕಂಡೆನ್ಸರ್ ಜೊತೆ ಓಡಿಸಿದ ಪಾಯಿಂಟ್ ಸುಟ್ಟು ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಬುಟು ಆಗಿರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಿ. ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್ ಹಾಕಿಯೇ ಇಡಿ. ಪೋಸ್ಟ್ ಕಾರ್ಡ್ ತುಂಡಿನ ಅಂದಾಜು ರಸ್ತೆ ಬದಿಗೆ ಸಾಕು, ಗ್ಯಾರೇಜಿಗೆ ಸಾಲದು. ಪಾಯಿಂಟ್ ಹೊಸದು ಹಾಕಿದ ಮೇಲೆ ಟೈಮಿಂಗ್, ಅಂದರೆ ಸ್ಪಾರ್ಕ್ ಹಾರುವ ಗಳಿಗೆ, ಮತ್ತೆ ಇಡಲೇಬೇಕು. ಕಿಕ್ ವಾಪಸ್ ಕಾಲಿಗೆ ಹೊಡೆಯಲು ಶುರುವಾದರೆ ಟೈಮಿಂಗ್ ಜಾಸ್ತಿ ಮುಂದಕ್ಕೆ ಹೋಗಿದೆ ಅಂತ ಅರ್ಥ. ಯೆಜ್ಡಿ ಕಿಕ್ ಒಮ್ಮೆ ಮೊಣಕಾಲಿಗೆ ತಿರುಗಿ ಬಡಿದರೆ ಅದನ್ನು ಯಾರೂ ಮರೆಯುವುದಿಲ್ಲ.

ಕಾಯಿಲ್ ಪರೀಕ್ಷೆಗೆ ಮನೆಮದ್ದು ಒಂದಿದೆ. ನಿಂತ ಗಾಡಿಯ ಕಾಯಿಲ್ ಮೇಲೆ ಒದ್ದೆ ಬಟ್ಟೆ ಸುತ್ತಿ. ಬರೀ ಅದು ತಣಿದಾಗಲೇ ಸ್ಪಾರ್ಕ್ ವಾಪಸ್ ಬಂದರೆ ಕಳ್ಳ ಸಿಕ್ಕಿದ. ಟರ್ಮಿನಲ್ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ.

ಮೂರನೆಯದು, ಬ್ರೇಕ್ ಹಿಡಿದಂತೆ ನಿಂತದ್ದು. ಈ ಮಾತು ಕೇಳಿದರೆ ಮುಂದೆ ಓಡಿಸಬೇಡಿ. ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತಿದೆ, ಅಂದರೆ ಸೀಜ್ ಆಗುತ್ತಿದೆ. ಮೊದಮೊದಲು ಬಿಗಿ ಹಿಡಿದು, ತಣಿದ ಮೇಲೆ ಬಿಡುತ್ತದೆ. ಮುಂದೊಂದು ದಿನ ಬಿಡುವುದೇ ಇಲ್ಲ, ಹಿಂದಿನ ಚಕ್ರ ಲಾಕ್ ಆಗುತ್ತದೆ. ಆ ಕ್ಷಣ ಕ್ಲಚ್ ಹಿಡಿಯುವ ಅಭ್ಯಾಸ ಇದ್ದವರು ಬಚಾವ್. ಹಳೇ ಸವಾರರು ಉದ್ದ ದಾರಿಯಲ್ಲಿ ಎಡಗೈಯ ಎರಡು ಬೆರಳನ್ನು ಕ್ಲಚ್ ಮೇಲೆ ಇಟ್ಟುಕೊಳ್ಳುತ್ತಿದ್ದದ್ದು ಸ್ಟೈಲಿಗಲ್ಲ.

ಯಾಕೆ ಕಚ್ಚುತ್ತದೆ? ಎಣ್ಣೆ ಕಡಿಮೆ ಇರಬೇಕು, ಇಲ್ಲ ಪೆಟ್ರೋಲಿನ ಅಳತೆಗೆ ಮೀರಿ ಗಾಳಿ ಜಾಸ್ತಿ ಹೋಗುತ್ತಿರಬೇಕು. ಎಣ್ಣೆಯ ವಿಷಯದಲ್ಲಿ ನೆನಪು ಒಂದು ಮೋಸ ಮಾಡುತ್ತದೆ. ಆಗ ಬಂಕ್‌ನಲ್ಲೇ ಪೆಟ್ರೋಲ್ ಜೊತೆ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ) ಹೊಡೆದು ಕೊಡುತ್ತಿದ್ದರು, ಮಾಲೀಕರು ಆ ಲೆಕ್ಕ ಇಟ್ಟವರೇ ಅಲ್ಲ. ಈಗ ಬಾಟಲಿ ನಾವೇ ಒಯ್ಯಬೇಕು. "ಸ್ವಲ್ಪ ಹಾಕಿದೀನಿ" ಅಂದರೆ ಸಾಲದು, ಲೀಟರಿಗೆ ಎಷ್ಟು ಎಂಎಲ್ ಅಂತ ಕೇಳಿ, ಮ್ಯಾನ್ಯುಯಲ್ ಜೊತೆ ತಾಳೆ ನೋಡಿ. ಹಾಕಿದ ಮೇಲೆ ಗಾಡಿಯನ್ನು ಆ ಕಡೆ ಈ ಕಡೆ ಚೆನ್ನಾಗಿ ಅಲುಗಾಡಿಸಬೇಕು. ಇಲ್ಲದಿದ್ದರೆ ಎಣ್ಣೆ ಕೆಳಗೆ ಕೂತು, ಮೊದಲ ಎರಡು ಕಿಲೋಮೀಟರ್ ಬರೀ ಹೊಗೆ, ಪ್ಲಗ್ ಶಾರ್ಟ್. ಆಮೇಲೆ ಬರೀ ಪೆಟ್ರೋಲ್.

ಗಾಳಿ ಜಾಸ್ತಿ ಹೋಗಲು ಎರಡು ದಾರಿ. ಕಾರ್ಬುರೇಟರ್‌ಗೂ ಸಿಲಿಂಡರ್‌ಗೂ ನಡುವಿನ ಜಾಯಿಂಟ್ ಬಿಟ್ಟಿರಬಹುದು, ಇಲ್ಲವೇ ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ದಂಡದ) ಬಲಗಡೆಯ ಆಯಿಲ್ ಸೀಲ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆ, ಗಟ್ಟಿಯಾಗಿ ಗಾಳಿ ಎಳೆಯುತ್ತಿರಬಹುದು. ಎರಡರದ್ದೂ ಲಕ್ಷಣ ಒಂದೇ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಕೂಗುತ್ತಲೇ ಇರುತ್ತದೆ. ಸಿಗ್ನಲ್‌ನಲ್ಲಿ ಹೀಗಾಗುತ್ತಾ ಅಂತ ಕೇಳಿದರೆ ಮಾಲೀಕರಿಗೆ ಪಕ್ಕನೆ ನೆನಪಾಗುತ್ತದೆ.

ಇದಕ್ಕೆ ಈಗಿನ ಪೆಟ್ರೋಲೂ ಸೇರಿಕೊಂಡಿದೆ. ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇರುತ್ತದೆ. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. "ಈಚೆಗೆ ಶುರುವಾಯಿತು, ಗಾಡಿಗೆ ಏನೂ ಮಾಡಿಸಿಲ್ಲ" ಅನ್ನುವವರ ಮಾತನ್ನು ತಳ್ಳಿಹಾಕಬೇಡಿ. ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿ, ಪ್ಲಗ್ ಬಣ್ಣ ನೋಡಿ. ಬೆಳ್ಳಗಿದ್ದರೆ ಇನ್ನೂ ತೆಳು, ಕಾಫಿ ಪುಡಿ ಬಣ್ಣ ಇದ್ದರೆ ಸರಿ, ಕಪ್ಪಗೆ ಒದ್ದೆಯಾಗಿದ್ದರೆ ಜಾಸ್ತಿಯಾಯಿತು. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾಕ್ ಬಂದ್ ಮಾಡಿ, ಕಾರ್ಬುರೇಟರ್‌ನಲ್ಲಿ ಇರುವುದು ಮುಗಿಯುವ ತನಕ ಓಡಿಸಿ ನಿಲ್ಲಿಸಿ.

ಹೊಗೆ: ಆಗಲೂ ಇತ್ತು, ಈಗಲೂ ಇದೆ

"ಯೆಜ್ಡಿ ಅಂದರೆ ಹೊಗೆ, ಅದು ಮೊದಲಿಂದಲೂ ಇದ್ದದ್ದೇ." ಇಲ್ಲಿ ನೆನಪು ದೋಷವನ್ನು ಮುಚ್ಚಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ತಿಳಿ ನೀಲಿ ಹೊಗೆ ಸಹಜ. ಇಂಜಿನ್ ಬಿಸಿಯಾದ ಮೇಲೆ ಅದು ಕಡಿಮೆ ಆಗಬೇಕು. ಐದಾರು ಕಿಲೋಮೀಟರ್ ಓಡಿದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಸುಟ್ಟ ಗೇರ್ ಆಯಿಲ್‌ನ ಕಮಟು ವಾಸನೆ ಇದ್ದರೆ, ಎಡಗಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಗೇರ್ ಬಾಕ್ಸ್‌ನ ಎಣ್ಣೆಯನ್ನು ಇಂಜಿನ್ ಕುಡಿಯುತ್ತಿದೆ. ಅಂಗೈಗೆ ಹಾರಿದ ಕಪ್ಪು ಎಣ್ಣೆ ಹನಿ ನೆನಪಿದೆ ಅಲ್ವಾ, ಅದೂ ಇದರದ್ದೇ ಇರಬಹುದು.

ಖಾತ್ರಿಗೆ ಗೇರ್ ಆಯಿಲ್ ಮಟ್ಟ ನೋಡಿ. ಹೊರಗೆ ಎಲ್ಲೂ ಸೋರಿಕೆ ಇಲ್ಲದೆ ಎಣ್ಣೆ ಕಡಿಮೆಯಾಗುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಸೀಲ್‌ಗೆ ಯೆಜ್ಡಿ ಪಾರ್ಟ್ ಅಂತ ಹುಡುಕಿ ಅಲೆಯಬೇಡಿ. ಹಳೆಯದರ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಅಚ್ಚಾಗಿರುತ್ತವೆ. ಅಳಿಸಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲೋ ನಿಮ್ಮ ಊರಿನ ಬೇರಿಂಗ್ ಅಂಗಡಿಯಲ್ಲೋ ಆ ಅಳತೆಯ ಸೀಲ್ ಕೊಡುತ್ತಾರೆ. ಪೆಟ್ರೋಲ್ ಮತ್ತು ಬಿಸಿ ತಡೆಯುವ ರಬ್ಬರ್ ಬೇಕು ಅಂತ ಹೇಳಿ ಕೇಳಿ. ಎರಡೂ ಕಡೆಯ ಸೀಲ್ ಒಟ್ಟಿಗೆ ಹಾಕಿಸಿ. ಒಂದು ಹೋದ ಮೇಲೆ ಇನ್ನೊಂದಕ್ಕೂ ಅದೇ ವಯಸ್ಸು.

ರಾತ್ರಿ ಮಾತ್ರ ಮಿಸ್ ಹೊಡೆಯುವುದು

ಮಿಸ್ ಹೊಡೆಯುವುದು ಅಂದರೆ ಇಂಜಿನ್ ನಡುನಡುವೆ ಹೊಡೆತ ತಪ್ಪುವುದು. ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿಯಿಂದ ಇಗ್ನಿಷನ್ ನಡೆಯುವ ಗಾಡಿಯಲ್ಲಿ ಹೆಡ್‌ಲೈಟ್ ಹಾಕಿದಾಗ, ಹಾರ್ನ್ ಹೊಡೆದಾಗ ಮಿಸ್ ಹೊಡೆದರೆ ಕಾರ್ಬುರೇಟರ್ ಮುಟ್ಟಬೇಡಿ. ಬ್ಯಾಟರಿ ಸೊರಗಿದೆ ಅಥವಾ ಚಾರ್ಜಿಂಗ್ ಇಲ್ಲ. ಡೈನಮೋದ ಕಾರ್ಬನ್ ಬ್ರಷ್, ಅರ್ಥ್ ವೈರ್, ಫ್ಯೂಸ್ ಹಿಡಿಕೆಯ ತುಕ್ಕು, ಈ ಕ್ರಮದಲ್ಲಿ ನೋಡಿ. ಅರ್ಥ್ ವೈರ್ ಕೂರುವ ಜಾಗಕ್ಕೆ ರಿಸ್ಟೋರ್ ಮಾಡಿದವರು ಚೆಂದಕ್ಕೆ ಪೇಂಟ್ ಹೊಡೆದಿರುತ್ತಾರೆ. ಅದನ್ನು ಕೆರೆದು ಹಾಕಿ.

ಎಲ್ಲಾ ನೋಡಿಯೂ ಎಳೆಯದಿದ್ದರೆ

ಆಗ ಮಾತ್ರ ಬ್ಯಾರಲ್ (ಸಿಲಿಂಡರ್) ಎತ್ತಿ. ಪಿಸ್ಟನ್‌ನ ಪಕ್ಕಕ್ಕೆ ಗೀರು ಬಿದ್ದಿದೆಯೇ, ರಿಂಗ್ ತನ್ನ ಗ್ರೂವ್‌ನಲ್ಲಿ ಅಂಟಿಕೊಂಡಿದೆಯೇ ನೋಡಿ. ಬರೀ ಅಂಟಿದ್ದರೆ ಬಿಡಿಸಿ ಶುಚಿ ಮಾಡಿದರೂ ಸಾಕಾಗಬಹುದು. ಬ್ಯಾರಲ್ ಮೇಲೆ ಗೀರು ಇದ್ದರೆ ಬೋರ್ ಹೊಡೆಸಬೇಕು. ಪಿಸ್ಟನ್ ಮೊದಲು ಕೈಗೆ ಬರಲಿ, ಆಮೇಲೆ ಅದರ ಅಳತೆಗೆ ಬೋರ್ ಆಗಲಿ. ಕಾರ್ಖಾನೆ ಮುಚ್ಚಿದ ಮೇಲೆ ಬಂದ ಪಿಸ್ಟನ್‌ಗಳು ಎಲ್ಲವೂ ಒಂದೇ ಗುಣದವಲ್ಲ, ಡಬ್ಬಿಯ ಮೇಲೆ ಬರೆದ ಸೈಜ್ ನಂಬಿ ಬೋರ್ ಹೊಡೆಸಿದರೆ ಒಂದೋ ಸಡಿಲ, ಇಲ್ಲ ಬಿಗಿ. ಲೇತ್‌ನವರು ಮೈಕ್ರೋಮೀಟರ್ ಹಿಡಿದು ಪಿಸ್ಟನ್ ಅಳೆಯುವುದನ್ನು ಎದುರಿಗೆ ನಿಂತು ನೋಡಿ. ಬೋರ್ ಹೊಡೆಸಿ ಹೊಡೆಸಿ ಕೊನೆಯ ಓವರ್‌ಸೈಜ್ ದಾಟಿದ ಬ್ಯಾರಲ್ ಆದರೆ ಸ್ಲೀವ್ (ಒಳಗೆ ಹೊಸ ಕೊಳವೆ) ಹಾಕಿಸಬೇಕಾಗುತ್ತದೆ. ಆಗ ಪೋರ್ಟ್‌ಗಳು ಮೊದಲಿನ ಜಾಗಕ್ಕೆ, ಮೊದಲಿನ ಎತ್ತರಕ್ಕೇ ಕೊರೆದಿರಬೇಕು. ಸ್ಲೀವ್‌ನಲ್ಲಿ ಪೋರ್ಟ್ ಒಂದೆರಡು ಮಿಲಿಮೀಟರ್ ಕೆಳಗಾದರೂ ಹೆಚ್ಚಿನ ಸ್ಪೀಡಿನಲ್ಲಿನ ಎಳೆತ ಪೂರ್ತಿ ಹೋಗುತ್ತದೆ, ಮತ್ತೆ ಅದೇ ದೂರು ಬರುತ್ತದೆ. ಹಳೇ ಬ್ಯಾರಲ್‌ನ ಪೋರ್ಟ್ ಅಳತೆಯನ್ನು ಕಾಗದ ಸುರುಳಿ ಮಾಡಿ ಒಳಗಿಟ್ಟು, ಬೆರಳಿನಿಂದ ಉಜ್ಜಿ, ಗುರುತು ತೆಗೆದುಕೊಂಡೇ ಲೇತ್‌ಗೆ ಕೊಡಿ.

ಬ್ಯಾರಲ್ ಎತ್ತಿದಾಗಲೇ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸರಿ. ಮೇಲೆ ಕೆಳಗೆ ಟಕ್ ಅಂದರೆ ಬಿಗ್ ಎಂಡ್ (ರಾಡ್‌ನ ಕೆಳತುದಿಯ ಬೇರಿಂಗ್) ಹೋಗಿದೆ, ಕ್ರ್ಯಾಂಕ್ ಹೊರಗೆ ಬರಬೇಕು. ಅದನ್ನು ಪ್ರೆಸ್‌ನಲ್ಲಿ ಜೋಡಿಸಿ ಅಲೈನ್ ಮಾಡುವವರು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಬಹಳ ಜನ ಅಲ್ಲ. ಅವರ ಕೈ ಖಾಲಿ ಇಲ್ಲದಿದ್ದರೆ ಕಾಯಿರಿ, ಬೇರೆ ಯಾರಿಗೋ ಕೊಡಬೇಡಿ. ಹೊಸ ಬೋರ್ ಆದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಹಿಂದೆ ಯಾರನ್ನೂ ಕೂರಿಸಬೇಡಿ, ಎಣ್ಣೆ ಸ್ವಲ್ಪ ಜಾಸ್ತಿ ಇರಲಿ, ಒಂದೇ ಸ್ಪೀಡಿನಲ್ಲಿ ಉದ್ದಕ್ಕೆ ಹೊಡೆಯಬೇಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಹೆಡ್ ನಟ್‌ಗಳನ್ನು ಇಂಜಿನ್ ತಣಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.